ಗಮನ ಮತ್ತು ನೆನಪಿನ ತೊಂದರೆಯ ಮಕ್ಕಳಿಗೆ ಕೋಚ್ ಆಗುವ ಮುನ್ನ: ಕಲಬುರಗಿ ಸೀಮೆಯವರಿಗೊಂದು ಮಾರ್ಗದರ್ಶಿ

ಶಹಾಬಾದಿನ ಹತ್ತಿರದ ಒಂದು ಶಾಲೆಯ ನಾಲ್ಕನೆಯ ತರಗತಿಯಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತು ನಾನು ಗಣಿತದ ಪಾಠವನ್ನು ನೋಡುತ್ತಿದ್ದೆ. ‘ಗಣಿತ ಪುಸ್ತಕ ತೆಗೀರಿ, ನಲವತ್ತೆರಡನೇ ಪುಟಕ್ಕ ಬರ್ರಿ, ಮೂರನೇ ಲೆಕ್ಕ ನೋಟ್‌ಬುಕ್ಕಿನ್ಯಾಗ ಬರಕೊಳ್ರಿ, ಉತ್ತರದ ಕೆಳಗ ಗೆರಿ ಹೊಡೀರಿ’ ಎಂದು ಟೀಚರ್ ಒಂದೇ ಉಸಿರಿನಲ್ಲಿ ಹೇಳಿದರು. ನನ್ನ ಪಕ್ಕದ ಹುಡುಗ ಪುಸ್ತಕ ತೆಗೆದ, ಪುಟ ಮಗುಚಿದ, ಆಮೇಲೆ ಸುಮ್ಮನೆ ಕುಳಿತುಬಿಟ್ಟ. ಯಾಕಪ್ಪಾ ಎಂದು ಮೆಲ್ಲಗೆ ಕೇಳಿದಾಗ, ‘ಕೇಳೀನ್ರೀ ಮೇಡಂ, ಆದ್ರ ಹೋಗಿಬಿಡ್ತ್ರಿ’ ಎಂದ.

ಆ ಹುಡುಗನ ‘ಹೋಗಿಬಿಡ್ತು’ ಎಂಬ ಮಾತಿನಷ್ಟು ನಿಖರವಾದ ವಿವರಣೆಯನ್ನು ನಾನು ಪಠ್ಯಪುಸ್ತಕಗಳಲ್ಲಿಯೂ ಕಂಡಿಲ್ಲ. ಕೇಳಿದ್ದನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು, ಅದರ ಮೇಲೆಯೇ ಕೆಲಸ ಮಾಡುವ ಶಕ್ತಿಗೆ ವರ್ಕಿಂಗ್ ಮೆಮೊರಿ ಅಥವಾ ಕಾರ್ಯಸ್ಮೃತಿ ಎನ್ನುತ್ತಾರೆ. 1974ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದರ ರಚನೆಯನ್ನು ವಿವರಿಸಿದರು: ಕೇಳಿದ ಮಾತನ್ನು ಹಿಡಿಯುವ ಒಂದು ಭಾಗ, ಕಂಡದ್ದನ್ನು ಹಿಡಿಯುವ ಇನ್ನೊಂದು ಭಾಗ, ಗಮನವನ್ನು ಎಲ್ಲಿ ಹರಿಸಬೇಕೆಂದು ನಿರ್ಧರಿಸುವ ಮತ್ತೊಂದು ಭಾಗ. ಈ ಜಾಗ ಎಲ್ಲರಲ್ಲಿಯೂ ಚಿಕ್ಕದು. ದೊಡ್ಡವರು ಕೂಡ ಒಮ್ಮೆಗೆ ನಾಲ್ಕರ ಆಸುಪಾಸಿನ ಸಂಗತಿಗಳನ್ನಷ್ಟೇ ಹಿಡಿಯಬಲ್ಲರು ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಕೆಲವು ಮಕ್ಕಳಲ್ಲಿ ಅದು ಇನ್ನೂ ಇಕ್ಕಟ್ಟಾಗಿರುತ್ತದೆ, ಮತ್ತು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ, ಇರುವ ಅನೇಕ ಮಕ್ಕಳಲ್ಲಿ ಗಮನದ ತೊಂದರೆಯೂ ಇದೂ ಜೊತೆಜೊತೆಗೇ ಕಾಣುತ್ತವೆ.

ಇಂಥ ಮಕ್ಕಳಿಗೆ ದಿನನಿತ್ಯದ ಓದುಬರಹದಲ್ಲಿ ಜೊತೆ ನಿಂತು ದಾರಿ ತೋರಿಸುವವರನ್ನು ಈಗ ಕೋಚ್ ಎಂದು ಕರೆಯುತ್ತಾರೆ. ಕಲಬುರಗಿ, ಬೀದರ್, ಯಾದಗಿರಿಯ ಶಿಕ್ಷಕರು, ಬಿ.ಎಡ್. ಮುಗಿಸಿದವರು, ಸೈಕಾಲಜಿ ಓದಿದ ಹೆಣ್ಣುಮಕ್ಕಳು ‘ಈ ಕೆಲಸಕ್ಕೆ ಏನು ಓದಬೇಕ್ರೀ, ಎಲ್ಲಿ ಓದಬೇಕ್ರೀ’ ಎಂದು ನನ್ನನ್ನು ಕೇಳುತ್ತಲೇ ಇರುತ್ತಾರೆ. ವಿಶೇಷ ಶಿಕ್ಷಕಿಯಾಗಿ ಕಲಿತದ್ದನ್ನೂ, ತಪ್ಪಿ ಕಲಿತದ್ದನ್ನೂ ಸೇರಿಸಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಯಾವ ಕೆಲಸ ನಿಮ್ಮದಲ್ಲ ಎಂಬುದನ್ನು ಅರಿಯುವುದು

ವೃತ್ತಿಯ ಆರಂಭದಲ್ಲಿ ನಾನು ಎರಡು ದಿನದ ಒಂದು ಕಾರ್ಯಾಗಾರಕ್ಕೆ ಹೋಗಿ, ಚೌಕಟ್ಟು ಹಾಕಿಸಿದ ಪ್ರಮಾಣಪತ್ರವನ್ನು ತಂದು ಗೋಡೆಗೆ ತೂಗುಹಾಕಿದ್ದೆ. ಆ ವರ್ಷ ನನ್ನ ಹತ್ತಿರ ಬಂದ ಮೂರನೆಯ ತರಗತಿಯ ಒಬ್ಬ ಹುಡುಗಿಗೆ ಹೇಳಿದ್ದು ನೆನಪಿರುವುದಿಲ್ಲ, ಕರೆದರೆ ತಿರುಗುವುದಿಲ್ಲ, ಪಾಠದ ನಡುವೆ ಎಲ್ಲೋ ನೋಡುತ್ತಾಳೆ ಎಂಬ ದೂರಿತ್ತು. ಎರಡು ತಿಂಗಳು ಅವಳಿಂದ ಅಂಕಿ ಹೇಳಿಸಿದೆ, ಚಿತ್ರದ ಕಾರ್ಡು ಆಡಿಸಿದೆ. ಅವಳ ಅಜ್ಜಿ ಒಂದು ದಿನ ‘ಮಳಿಗಾಲದಾಗ ಕಿವಿ ಸೋರತಾವ್ರಿ ಇದಕ್ಕ’ ಎಂದಾಗಲೇ ನನಗೆ ಎಚ್ಚರವಾದದ್ದು. ಕಿವಿಯ ವೈದ್ಯರಿಗೆ ತೋರಿಸಿದಾಗ ಎರಡೂ ಕಿವಿಗಳಲ್ಲಿ ಸೋಂಕಿದ್ದು, ಶ್ರವಣ ಕುಗ್ಗಿರುವುದು ತಿಳಿಯಿತು. ಆ ಮಗುವಿನ ಎರಡು ತಿಂಗಳನ್ನು ನಾನು ಹಾಳುಮಾಡಿದ್ದೆ. ಆ ಪ್ರಮಾಣಪತ್ರವನ್ನು ಅಂದೇ ಗೋಡೆಯಿಂದ ಇಳಿಸಿದೆ.

ಆದ್ದರಿಂದ ರೋಗನಿರ್ಣಯ ಕೋಚ್‌ನ ಕೆಲಸವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಎಡಿಎಚ್‌ಡಿ ಎಂದು ಹೇಳಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆ ಕಾಣಿಸಿಕೊಂಡಿರಬೇಕು, ಕನಿಷ್ಠ ಆರು ತಿಂಗಳು ಇದ್ದಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಂಡುಬರಬೇಕು ಮತ್ತು ಬೇರೆ ಕಾರಣದಿಂದ ವಿವರಿಸಲು ಬರಬಾರದು ಎಂಬ ನಿಯಮಗಳಿವೆ. ಅವುಗಳನ್ನು ಅಳೆದು ತೂಗುವವರು ಮನೋವೈದ್ಯರು, ಮಕ್ಕಳ ವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟರು. ಕಿವಿ, ಕಣ್ಣು, ರಕ್ತಹೀನತೆ, ಥೈರಾಯ್ಡ್, ನಿದ್ದೆಗೇಡು, ಮನೆಯ ಜಗಳ ಇವೆಲ್ಲವೂ ಗಮನದ ತೊಂದರೆಯ ವೇಷ ಹಾಕಿಕೊಂಡು ಬರುತ್ತವೆ. ಕೆಲವು ಸೆಕೆಂಡು ದಿಟ್ಟಿಸಿ ನೋಡುತ್ತ ನಿಂತು ಮತ್ತೆ ಸರಿಯಾಗುವ ಮಗುವಿಗೆ ಮೂರ್ಛೆರೋಗದ ಒಂದು ಬಗೆಯೂ ಇರಬಹುದು. ವೈದ್ಯರು ಕೊಟ್ಟ ಔಷಧವನ್ನು ಶುರುಮಾಡಿರಿ ಎಂದಾಗಲಿ ನಿಲ್ಲಿಸಿರಿ ಎಂದಾಗಲಿ ಕೋಚ್ ಎಂದೂ ಹೇಳಕೂಡದು.

ಎರಡನೆಯ ಹೆಜ್ಜೆ: ಮೂಲ ಅರ್ಹತೆಯನ್ನು ಗಳಿಸುವುದು

ಭಾರತದಲ್ಲಿ ‘ಕೋಚ್’ ಎಂಬ ಹೆಸರಿಗೆ ಕಾನೂನಿನ ಬೇಲಿ ಇಲ್ಲ. ಯಾರು ಬೇಕಾದರೂ ಬೋರ್ಡು ಬರೆಸಬಹುದು. ಆದರೆ ವಿಶೇಷ ಶಿಕ್ಷಕ, ಕ್ಲಿನಿಕಲ್ ಸೈಕಾಲಜಿಸ್ಟ್, ವಾಕ್-ಶ್ರವಣ ತಜ್ಞ ಮೊದಲಾದ ಹೆಸರುಗಳಿಗೆ ಬೇಲಿ ಇದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯ ಪ್ರಕಾರ, ಈ ವೃತ್ತಿಗಳಲ್ಲಿರುವವರು ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆ ಹೊಂದಿ, ಕೇಂದ್ರೀಯ ಪುನರ್ವಸತಿ ನೋಂದಣಿಯಲ್ಲಿ, ಅಂದರೆ ಸಿಆರ್‌ಆರ್‌ನಲ್ಲಿ, ಹೆಸರು ದಾಖಲಿಸಿರಬೇಕು. ತಪ್ಪಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ಕಾಯ್ದೆ ವಿಧಿಸುತ್ತದೆ. ದಂಡದ ಮೊತ್ತ ಈ ಕಾಲಕ್ಕೆ ಸಣ್ಣದಾಗಿ ಕಂಡರೂ ನೋಂದಣಿಯ ಬೆಲೆ ಸಣ್ಣದಲ್ಲ: ಸಿಆರ್‌ಆರ್ ಸಂಖ್ಯೆ ಇರುವವರ ಮೇಲೆ ಮಗುವಿನ ಪಾಲಕರು ದೂರು ಕೊಡಲು ಒಂದು ಜಾಗವಿರುತ್ತದೆ.

ಹೀಗಾಗಿ ನನ್ನ ಸಲಹೆ ಸ್ಪಷ್ಟವಾಗಿದೆ: ಮೊದಲು ಬೇಲಿಯ ಒಳಗಿನ ಒಂದು ಅರ್ಹತೆಯನ್ನು ಪಡೆಯಿರಿ, ಕೋಚಿಂಗ್ ಕೌಶಲವನ್ನು ಅದರ ಮೇಲೆ ಕಟ್ಟಿಕೊಳ್ಳಿರಿ. ನಮ್ಮ ಭಾಗದವರಿಗೆ ಹೆಚ್ಚು ಹೊಂದುವ ದಾರಿ ವಿಶೇಷ ಶಿಕ್ಷಣದ್ದು. ಪಿಯುಸಿ ಮುಗಿಸಿದವರಿಗೆ ಎರಡು ವರ್ಷದ ಡಿಪ್ಲೊಮಾ, ಪದವಿ ಮುಗಿಸಿದವರಿಗೆ ವಿಶೇಷ ಬಿ.ಎಡ್. ಇದೆ, ಅದರಲ್ಲಿ ಕಲಿಕಾ ನ್ಯೂನತೆಯ, ಅಂದರೆ ಓದು, ಬರಹ, ಲೆಕ್ಕದಲ್ಲಿ ಕಾಣುವ ತೊಂದರೆಯ, ವಿಭಾಗವನ್ನು ಆರಿಸಿಕೊಂಡರೆ ಈ ಕೆಲಸಕ್ಕೆ ನೇರವಾಗಿ ಒದಗುತ್ತದೆ. ಬೀದರ್ ಮತ್ತು ಕಲಬುರಗಿಯವರು ಉನ್ನತ ತರಬೇತಿ ಎಂದೊಡನೆ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬೆಂಗಳೂರಿಗೆ ಹೋಗಬೇಕೆಂದುಕೊಳ್ಳುತ್ತಾರೆ. ಆದರೆ ಬೌದ್ಧಿಕ ನ್ಯೂನತೆಗಾಗಿ ಕೇಂದ್ರ ಸರ್ಕಾರ 1984ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲಿದೆ, ನಮಗೆ ಬೆಂಗಳೂರಿಗಿಂತ ಬಹಳ ಹತ್ತಿರ. ವಿಶೇಷ ಶಿಕ್ಷಣದ ಕೋರ್ಸುಗಳು ಅಲ್ಲಿ ನಡೆಯುತ್ತವೆ.

ಮನಶ್ಶಾಸ್ತ್ರದ ದಾರಿ ಹಿಡಿಯುವವರಿಗೆ ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿಯೂ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಮನಶ್ಶಾಸ್ತ್ರ ವಿಭಾಗಗಳಿವೆ. ಒಂದು ಎಚ್ಚರಿಕೆಯ ಮಾತು: ಬರಿಯ ಎಂ.ಎ. ಅಥವಾ ಎಂ.ಎಸ್‌ಸಿ. ಮನಶ್ಶಾಸ್ತ್ರದಿಂದ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆ ಹೆಸರಿಗೆ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ವಿದ್ಯಾರ್ಹತೆಯನ್ನು, ಇಲ್ಲವೇ ಸ್ನಾತಕೋತ್ತರ ಪದವಿಯ ಮೇಲೆ ಮೇಲ್ವಿಚಾರಣೆಯ ತರಬೇತಿ ಒಳಗೊಂಡ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಅನ್ನು ಕೇಳುತ್ತದೆ. ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟದ್ದರಿಂದ ಕೋರ್ಸುಗಳ ಹೆಸರು ಬದಲಾಗುತ್ತಿವೆ. ಹೆಸರಿಗಿಂತ ಪುನರ್ವಸತಿ ಪರಿಷತ್ತಿನ ಜಾಲತಾಣದಲ್ಲಿ ಆ ಸಂಸ್ಥೆಗೂ ಆ ಕೋರ್ಸಿಗೂ ಆ ವರ್ಷದ ಮಾನ್ಯತೆ ಇದೆಯೇ ಎಂಬುದನ್ನು ನೋಡಿ ಶುಲ್ಕ ಕಟ್ಟಿರಿ.

ಈಗಾಗಲೇ ನೌಕರಿಯಲ್ಲಿರುವ ಶಿಕ್ಷಕರು ತಮ್ಮ ತಾಲ್ಲೂಕಿನ ಬಿಐಇಆರ್‌ಟಿ ಅವರ ಜೊತೆ, ಅಂದರೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ ಜೊತೆ, ಕೆಲವು ದಿನ ಓಡಾಡುವುದರಿಂದ ಆರಂಭಿಸಬಹುದು. ಅವರು ಮನೆಮನೆಗೆ ಹೋಗಿ ಕಲಿತದ್ದು ಯಾವ ಸಭಾಂಗಣದ ಉಪನ್ಯಾಸದಲ್ಲಿಯೂ ಸಿಗುವುದಿಲ್ಲ.

ಮೂರನೆಯ ಹೆಜ್ಜೆ: ಕೋಚಿಂಗ್ ಪ್ರಮಾಣಪತ್ರವನ್ನು ಅಳೆದು ನೋಡುವುದು

ಫೋನಿನಲ್ಲಿ ಹುಡುಕಿದರೆ ವಾರಾಂತ್ಯದಲ್ಲಿ ಮುಗಿಯುವ ಕೋರ್ಸುಗಳಿಂದ ಹಿಡಿದು ಲಕ್ಷಾಂತರ ರೂಪಾಯಿಯ ವಿದೇಶಿ ಕೋರ್ಸುಗಳವರೆಗೆ ಕಾಣುತ್ತವೆ. ಅಳೆಯಲು ಒಂದು ಅಳತೆಗೋಲು ಬೇಕು. 1995ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ, ಅಂದರೆ ಐಸಿಎಫ್, ತನ್ನ ಮೊದಲ ಹಂತದ ಮಾನ್ಯತೆಗೆ ಕನಿಷ್ಠ 60 ಗಂಟೆ ತರಗತಿಯನ್ನೂ 100 ಗಂಟೆ ನಿಜವಾದ ಕೋಚಿಂಗ್ ಅನುಭವವನ್ನೂ ಕೇಳುತ್ತದೆ. ಎರಡನೆಯ ಹಂತಕ್ಕೆ 125 ಗಂಟೆ ಮತ್ತು 500 ಗಂಟೆ. ಇದರ ಜೊತೆಗೆ ಹಿರಿಯ ಕೋಚ್ ಒಬ್ಬರು 10 ಗಂಟೆ ನಿಮ್ಮ ಕೆಲಸವನ್ನು ಆಲಿಸಿ ತಿದ್ದಬೇಕು. ನೀವು ಈ ಒಕ್ಕೂಟವನ್ನೇ ಸೇರಬೇಕೆಂದು ನಾನು ಹೇಳುತ್ತಿಲ್ಲ, ಅದರ ವೆಚ್ಚ ನಮ್ಮ ಕಡೆಯ ಬಹುಪಾಲು ಜನರಿಗೆ ಭಾರ. ಅದು ಪ್ರಧಾನವಾಗಿ ದೊಡ್ಡವರ ಕೋಚಿಂಗ್‌ಗೆ ರೂಪಿಸಿದ್ದು ಎಂಬುದನ್ನೂ ನೆನಪಿಡಬೇಕು. ಆದರೆ ಯಾವುದೇ ಸ್ಥಳೀಯ ಕೋರ್ಸಿನವರ ಮುಂದೆ ಈ ಅಂಕಿಗಳನ್ನು ಇಟ್ಟು ‘ನಿಮ್ಮಲ್ಲಿ ಎಷ್ಟು ಗಂಟೆ ತರಗತಿ, ಎಷ್ಟು ಗಂಟೆ ಮಗುವಿನ ಜೊತೆ, ಯಾರು ನೋಡಿ ತಿದ್ದುತ್ತಾರೆ’ ಎಂದು ಕೇಳಿದರೆ, ಉತ್ತರದಲ್ಲಿಯೇ ಆ ಕೋರ್ಸಿನ ತೂಕ ಗೊತ್ತಾಗುತ್ತದೆ.

ಇನ್ನೊಂದು ಬಗೆಯ ತರಬೇತಿ ಕಂಪ್ಯೂಟರ್ ಅಭ್ಯಾಸಕ್ಕೆ ಸಂಬಂಧಿಸಿದ್ದು. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಟೊರ್ಕೆಲ್ ಕ್ಲಿಂಗ್‌ಬರ್ಗ್ ಅವರ ಸಂಶೋಧನೆಯಿಂದ ಹುಟ್ಟಿದ ಕಾಗ್‌ಮೆಡ್ ಇವುಗಳಲ್ಲಿ ಪ್ರಸಿದ್ಧ. ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 25 ಬಾರಿ ಮಗು ಅಭ್ಯಾಸ ಮಾಡುತ್ತದೆ. ಆ ಕಾರ್ಯಕ್ರಮಕ್ಕಾಗಿ ತರಬೇತಿ ಪಡೆದ ಕೋಚ್ ಪ್ರತಿ ವಾರ ಮಗುವಿನ ಫಲಿತಾಂಶ ನೋಡಿ, ಮನೆಯವರೊಡನೆ ಮಾತನಾಡಿ ಹುರುಪು ತುಂಬುತ್ತಾರೆ. ಇಂಥ ತರಬೇತಿ ಆ ಒಂದು ಕಾರ್ಯಕ್ರಮವನ್ನು ನಡೆಸಲು ಮಾತ್ರ ಅರ್ಹತೆ ಕೊಡುತ್ತದೆ, ಮಗುವನ್ನು ಅರಿಯಲು ಅಲ್ಲ.

ಅಭ್ಯಾಸದಿಂದ ಕಾರ್ಯಸ್ಮೃತಿ ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಬ್ಬ ಕೋಚ್ ಬಾಯಿಪಾಠದಂತೆ ತಿಳಿದಿರಬೇಕು. 2013ರಲ್ಲಿ ಮೋನಿಕಾ ಮೆಲ್ಬಿ-ಲೆರ್ವೋಗ್ ಮತ್ತು ಚಾರ್ಲ್ಸ್ ಹ್ಯೂಮ್ ಅವರು 23 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಮಗು ಯಾವ ಬಗೆಯ ಆಟ ಆಡಿತೋ ಅಂಥದೇ ಪರೀಕ್ಷೆಯಲ್ಲಿ ತಕ್ಷಣಕ್ಕೆ ಸುಧಾರಿಸುತ್ತದೆ. ಆದರೆ ಆ ಸುಧಾರಣೆ ಓದು, ಲೆಕ್ಕ, ಬುದ್ಧಿಶಕ್ತಿಗೆ ಹರಡುತ್ತದೆ ಎನ್ನಲು ನಂಬುವಂಥ ಆಧಾರ ಅವರಿಗೆ ಸಿಗಲಿಲ್ಲ. 2016ರ ಜನವರಿಯಲ್ಲಿ ಲುಮೋಸಿಟಿ ಎಂಬ ಮೆದುಳಿನ ಆಟದ ಕಂಪನಿ, ತನ್ನ ಜಾಹೀರಾತು ಜನರನ್ನು ದಾರಿತಪ್ಪಿಸುತ್ತದೆ ಎಂಬ ಆರೋಪದ ಇತ್ಯರ್ಥಕ್ಕೆ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕೊಡಲು ಒಪ್ಪಿತು. ಇಷ್ಟು ತಿಳಿದ ಮೇಲೆ ‘ಮೂರು ತಿಂಗಳಲ್ಲಿ ಮೆಮೊರಿ ಪವರ್ ಹೆಚ್ಚಿಸುತ್ತೇವೆ’ ಎಂದು ತೊಗರಿ ಮಾರಿ ಫೀಸು ತಂದ ತಂದೆಗೆ ಹೇಳಲು ನಾಲಿಗೆ ಏಳಬಾರದು.

ಹಾಗಾದರೆ ಕೋಚ್ ಮಾಡುವುದಾದರೂ ಏನು? ಮಗುವಿನ ಪಾತ್ರೆಯನ್ನು ಹಿಗ್ಗಿಸುವುದಲ್ಲ, ಅದರೊಳಗೆ ಸುರಿಯುವ ಬಗೆಯನ್ನು ಬದಲಿಸುವುದು. ಹೇಳುವ ಸೂಚನೆಯನ್ನು ತುಂಡು ಮಾಡುವುದು, ಮನಸ್ಸಿನಲ್ಲಿ ಹಿಡಿಯಬೇಕಾದದ್ದನ್ನು ಕಾಗದಕ್ಕೆ ಇಳಿಸುವುದು, ಮರೆತಾಗ ನಾಚದೆ ಕೇಳುವ ಧೈರ್ಯ ತುಂಬುವುದು, ಕೊನೆಗೆ ಈ ಉಪಾಯಗಳನ್ನು ಮಗು ತಾನೇ ಬಳಸುವಂತೆ ಮಾಡುವುದು. ನಿಮ್ಮ ತರಬೇತಿ ಈ ನಾಲ್ಕನ್ನು ಕಲಿಸದಿದ್ದರೆ ಅದು ಬೇರೆ ಏನನ್ನು ಕಲಿಸಿದರೂ ಸಾಲದು.

ನಾಲ್ಕನೆಯ ಹೆಜ್ಜೆ: ಹಿರಿಯರ ಕಣ್ಣೆದುರಿನ ಅಭ್ಯಾಸ

ಮಾರ್ಗದರ್ಶನಕ್ಕೆ ಒಬ್ಬ ಅನುಭವಿ ವಿಶೇಷ ಶಿಕ್ಷಕರನ್ನೋ ಸೈಕಾಲಜಿಸ್ಟರನ್ನೋ ಹುಡುಕಿಕೊಳ್ಳಿರಿ. ನಿಮ್ಮ ಊರಿನಲ್ಲಿ ಸಿಗದಿದ್ದರೆ, ಪಾಲಕರ ಲಿಖಿತ ಒಪ್ಪಿಗೆ ಪಡೆದು, ನಿಮ್ಮ ಪಾಠದ ವಿಡಿಯೋ ತೆಗೆದು ದೂರದಲ್ಲಿರುವ ಹಿರಿಯರ ಜೊತೆ ಕುಳಿತು ನೋಡಬಹುದು. ಮೊದಲ ಸಲ ನನ್ನ ವಿಡಿಯೋ ನೋಡಿದಾಗ ನನಗೆ ಅರಿವಾದ ಸಂಗತಿ ಒಂದೇ: ಮಗು ಯೋಚಿಸುತ್ತಿರುವಾಗ ನಾನು ಮಾತನಾಡುತ್ತಲೇ ಇದ್ದೆ. ಇಕ್ಕಟ್ಟಾದ ಜಾಗದಲ್ಲಿ ಅದು ಹಿಡಿದುಕೊಂಡಿದ್ದನ್ನು ನನ್ನ ಮಾತೇ ಹೊರಗೆ ತಳ್ಳುತ್ತಿತ್ತು. ಸೂಚನೆ ಕೊಟ್ಟ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ ಸುಮ್ಮನಿರುವುದನ್ನು ಕಲಿಯಲು ನನಗೆ ತಿಂಗಳುಗಳೇ ಹಿಡಿದವು.

ಒಂದು ದಾಖಲೆ ಪುಸ್ತಕ ಇಡಿರಿ. ದಿನಾಂಕ, ಕೊಟ್ಟ ಕೆಲಸ, ಸೂಚನೆಯಲ್ಲಿ ಎಷ್ಟು ಹಂತಗಳಿದ್ದವು, ಮಗು ಎಲ್ಲಿ ನಿಂತಿತು, ಏನು ಮಾಡಿದಾಗ ಮುಂದುವರಿಯಿತು, ಇಷ್ಟು ಸಾಕು. ಶಹಾಬಾದಿನ ಆ ಹುಡುಗನ ಬಗ್ಗೆ ನನ್ನ ಪುಸ್ತಕದಲ್ಲಿ ಮೊದಲು ಬರೆದದ್ದು: ‘ನಾಲ್ಕು ಹಂತ ಹೇಳಿದಾಗ ಎರಡನೆಯದರಲ್ಲಿ ನಿಂತ; ಬೋರ್ಡಿನ ಮೂಲೆಯಲ್ಲಿ 42–3 ಎಂದು ಬರೆದಾಗ ತಾನೇ ಮುಗಿಸಿದ.’ ಆ ಟೀಚರ್ ಮರುದಿನದಿಂದ ಬೋರ್ಡಿನ ಆ ಮೂಲೆಯನ್ನು ಪುಟ ಮತ್ತು ಲೆಕ್ಕದ ಸಂಖ್ಯೆಗೆಂದೇ ಮೀಸಲಿಟ್ಟರು, ಮತ್ತು ಅದರಿಂದ ಆ ತರಗತಿಯ ಇನ್ನೂ ನಾಲ್ಕಾರು ಮಕ್ಕಳಿಗೆ ಅನುಕೂಲವಾಯಿತು.

ನಮ್ಮ ಸೀಮೆಯ ಕೋಚ್ ವಿಶೇಷವಾಗಿ ಕಲಿಯಬೇಕಾದ ಒಂದು ವಿಷಯವನ್ನು ಯಾವ ಪಠ್ಯಕ್ರಮದಲ್ಲಿಯೂ ನಾನು ನೋಡಿಲ್ಲ. ಅದು ಭಾಷೆಯ ಹೊರೆ. ಮನೆಯಲ್ಲಿ ದಖ್ಖನಿ ಉರ್ದು, ತಾಂಡಾದಲ್ಲಿ ಲಂಬಾಣಿ, ಬಸವಕಲ್ಯಾಣ ಮತ್ತು ಆಳಂದದ ಕಡೆ ಮರಾಠಿ, ಗುರುಮಠಕಲ್ ಮತ್ತು ಸೇಡಂ ಕಡೆ ತೆಲುಗು, ಶಾಲೆಯಲ್ಲಿ ಪುಸ್ತಕದ ಕನ್ನಡ. ಉದಾಹರಣೆಗೆ 59 ಎಂಬ ಸಂಖ್ಯೆಯನ್ನೇ ನೋಡಿರಿ. ಕನ್ನಡದಲ್ಲಿ ‘ಐವತ್ತೊಂಬತ್ತು’ ಎಂದಾಗ ಐವತ್ತೂ ಒಂಬತ್ತೂ ಬರೆಯುವ ಕ್ರಮದಲ್ಲಿಯೇ ಕಿವಿಗೆ ಬೀಳುತ್ತವೆ, ತೆಲುಗಿನಲ್ಲಿಯೂ ಹಾಗೆಯೇ. ಉರ್ದುವಿನ ‘ಉನ್‌ಸಠ್’, ಮರಾಠಿಯ ‘ಏಕೋಣಸಾಠ್’ ಎರಡೂ ಅರವತ್ತಕ್ಕೆ ಒಂದು ಕಡಿಮೆ ಎಂಬ ಅರ್ಥದವು, ಅವುಗಳಲ್ಲಿ ಐದೂ ಕೇಳುವುದಿಲ್ಲ, ಒಂಬತ್ತೂ ಕೇಳುವುದಿಲ್ಲ. ಮನೆಯಲ್ಲಿ ಉರ್ದು ಎಣಿಕೆ ಕಲಿತ ಮಗು ಕನ್ನಡದ ಬಾಯಿಲೆಕ್ಕದಲ್ಲಿ ಮೊದಲು ಸಂಖ್ಯೆಯನ್ನು ಬದಲಿಸಿಕೊಳ್ಳಬೇಕು, ಅದನ್ನು ಹಿಡಿದಿಟ್ಟುಕೊಂಡು ಆಮೇಲೆ ಕೂಡಬೇಕು. ಆ ನಡುವೆ ಲೆಕ್ಕ ಜಾರಿಹೋದರೆ ಅದನ್ನು ಕೊರತೆ ಎಂದು ಕರೆಯುವುದು ಅನ್ಯಾಯ. ಆದ್ದರಿಂದ ಯಾವುದೇ ಮಗುವನ್ನು ಗಮನಿಸುವಾಗ ಅದೇ ಕೆಲಸವನ್ನು ಮನೆಮಾತಿನಲ್ಲಿಯೂ ಒಮ್ಮೆ ಮಾಡಿಸಿ ನೋಡಿರಿ. ಮನೆಮಾತಿನಲ್ಲಿ ಸಲೀಸಾಗಿ ಮಾಡಿದರೆ ಬೇಕಾದದ್ದು ಭಾಷೆಯ ನೆರವು. ಎರಡರಲ್ಲಿಯೂ ಜಾರಿದರೆ ಮಗುವನ್ನು ತಜ್ಞರ ಬಳಿಗೆ ಕಳಿಸಿರಿ.

ಗುಳೆಯ ವಿಚಾರವೂ ಹೀಗೆಯೇ. ತಂದೆತಾಯಿಯ ಜೊತೆ ಮುಂಬಯಿಗೋ ಬೆಂಗಳೂರಿಗೋ ಹೋಗಿ ಅರ್ಧ ವರ್ಷ ಶಾಲೆ ತಪ್ಪಿಸಿಕೊಂಡ ಮಗು ಪಾಠದಲ್ಲಿ ಕಳೆದುಹೋದಂತೆ ಕಾಣುವುದು ಸಹಜ. ಹಾಜರಿ ಪುಸ್ತಕವನ್ನು ನೋಡದೆ ಮಗುವಿನ ಮನಸ್ಸಿನ ಬಗ್ಗೆ ಏನನ್ನೂ ಬರೆಯಬೇಡಿರಿ.

ಐದನೆಯ ಹೆಜ್ಜೆ: ಕಳಿಸಬೇಕಾದ ಜಾಗಗಳನ್ನು ತಿಳಿದಿಡುವುದು

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸರ್ಕಾರದ ವೈದ್ಯಕೀಯ ಸಂಸ್ಥೆಗಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರತಿ ಜಿಲ್ಲೆಯಲ್ಲಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ, ನಿಮ್ಮ ಊರಿಗೆ ಬರುವ ದಿನವನ್ನು ಕೇಳಿ ಇಟ್ಟುಕೊಳ್ಳಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಆಳವಾದ ಪರೀಕ್ಷೆ ಬೇಕಾದಾಗ ಮಾನಸಿಕ ಆರೋಗ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.

‘ಪರೀಕ್ಷೆಗೆ ಸರ್ಟಿಫಿಕೇಟ್ ಕೊಡ್ತೀರೇನ್ರಿ’ ಎಂದು ಪಾಲಕರು ಕೇಳಿಯೇ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿ ತನ್ನ ಹೆಸರಿನಲ್ಲಿ ಅಲ್ಲಿಲ್ಲ. ಪ್ರಮಾಣಪತ್ರ ಕೊಡುವ ಅಧಿಕಾರ ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರಕ್ಕೆ ಮಾತ್ರ ಇದೆ. ನಿಮ್ಮ ಸಹಿಯ ಪತ್ರಕ್ಕೆ ಆ ಬೆಲೆ ಇಲ್ಲವೆಂದು ಮೊದಲ ಭೇಟಿಯಲ್ಲಿಯೇ ಹೇಳಿಬಿಡಿರಿ.

ಕೆಲಸ ಶುರುವಾದ ಮೇಲೆ

ಪಾಲಕರೊಡನೆ ಒಂದು ಪುಟದ ಒಪ್ಪಂದ ಕನ್ನಡದಲ್ಲಿರಲಿ: ಎಷ್ಟು ವಾರ, ಎಷ್ಟು ಫೀಸು, ಯಾವ ಗುರಿ, ಗುರಿ ತಲುಪದಿದ್ದರೆ ಏನು. ಓದಲು ಬಾರದವರಿಗೆ ಓದಿ ಹೇಳಿರಿ. ಮಗುವಿನ ವಿಡಿಯೋವನ್ನಾಗಲಿ ಫೋಟೋವನ್ನಾಗಲಿ ನಿಮ್ಮ ಪ್ರಚಾರಕ್ಕೆ ವಾಟ್ಸಾಪ್‌ನಲ್ಲಿ ಹಾಕಬೇಡಿರಿ. ಒಬ್ಬರೇ ಮಗುವಿನ ಜೊತೆ ಬಾಗಿಲು ಮುಚ್ಚಿ ಕೂರಬೇಡಿರಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಅಲ್ಲಿ ಗೌಪ್ಯತೆಯ ಮಾತು ಬರುವುದಿಲ್ಲ. ನೋಂದಣಿ ಪಡೆದವರು ಅದನ್ನು ಉಳಿಸಿಕೊಳ್ಳಲು ಪರಿಷತ್ತಿನ ಮುಂದುವರಿದ ಶಿಕ್ಷಣದ ಕಾರ್ಯಕ್ರಮಗಳಿಗೆ ಹೋಗಿ ಅಂಕ ಗಳಿಸಬೇಕಾಗುತ್ತದೆ, ಆ ದಾಖಲೆಗಳನ್ನು ಜೋಪಾನವಾಗಿಡಿರಿ.

ಕೋಚಿಂಗ್ ಮುಗಿಸುವುದನ್ನು ಕೂಡ ಕಲಿಯಬೇಕು. ವಾರಕ್ಕೆ ಎರಡು ದಿನವಿದ್ದದ್ದು ಒಂದಾಗಲಿ, ಆಮೇಲೆ ಹದಿನೈದು ದಿನಕ್ಕೊಮ್ಮೆ ಆಗಲಿ. ಪ್ರತಿ ಸಲ ನೀವು ಮಾಡುತ್ತಿದ್ದ ಒಂದೊಂದು ಕೆಲಸವನ್ನು ಮಗುವಿನ ಕೈಗೆ ಬಿಡಿರಿ. ಶಹಾಬಾದಿನ ಹುಡುಗನ ದಾಖಲೆಯಲ್ಲಿ ನಾನು ಕೊನೆಗೆ ಬರೆದ ಸಾಲು ಹೀಗಿದೆ: ‘ಟೀಚರ್ ಮೂರು ಹಂತ ಹೇಳಿದರು. ಎಡಗೈ ಮೇಲೆ ಪೆನ್ನಿನಿಂದ ಪುಟದ ಸಂಖ್ಯೆ ಬರೆದುಕೊಂಡ. ನಾನು ಹೇಳಿಕೊಟ್ಟದ್ದಲ್ಲ.’